ಎರೆ ಮಣ್ಣಿನ ದಾರಿಯಲ್ಲಿ ಹಿಂದಿನ ಮಡ್‌ಫ್ಲಾಪ್: ಮೂರು ಮಳೆಗಾಲದ ನಂತರ

ಹಿಂದಿನ ಗಾಜು ಕ್ಲೀನ್ ಆಗಿರಲಿ ಅಂತ ಕಾರಿಗೆ ಹಿಂದಿನ ಮಡ್‌ಫ್ಲಾಪ್ (ಕೆಸರು ಹಾರದಂತೆ ಗಾಲಿಯ ಹಿಂದೆ ಇಳಿಬಿಡುವ ತುಂಡು) ಹಾಕಿಸಲು ಹೊರಟಿದ್ದರೆ, ಬೇಡ. ಆ ದುಡ್ಡಿನಲ್ಲಿ ಹಿಂದಿನ ವೈಪರ್‌ಗೆ ಹೊಸ ಬ್ಲೇಡ್ ಹಾಕಿಸಿ. ನಾನೂ ಅದೇ ಆಸೆಯಿಂದ ಹಾಕಿಸಿದ್ದೆ. ಮೂರು ಮಳೆಗಾಲ ಕಳೆದವು, ಎರಡು ಸೆಟ್ ಆದವು. ಗಾಜು ಮೊದಲು ಹೇಗಿತ್ತೋ ಈಗಲೂ ಹಾಗೇ ಇದೆ. ಆದರೂ ಫ್ಲಾಪ್ ತೆಗೆಸಿಲ್ಲ, ತೆಗೆಸುವುದೂ ಇಲ್ಲ. ಯಾಕೆ ಅಂತ ಹೇಳಲು ಸ್ವಲ್ಪ ಉದ್ದ ಬರೆಯಬೇಕು.

ಮನೆ ಕಲಬುರಗಿಯಲ್ಲಿ, ಶಾಲೆ ಜೇವರ್ಗಿ ತಾಲ್ಲೂಕಿನಲ್ಲಿ. ನಾವು ನಾಲ್ಕು ಜನ ಮಾಸ್ತರ್‌ಗಳು ಪೆಟ್ರೋಲ್ ಖರ್ಚು ಹಂಚಿಕೊಂಡು ನನ್ನ ಗಾಡಿಯಲ್ಲೇ ಹೋಗಿಬರುತ್ತೇವೆ. ಫರಹತಾಬಾದ್ ದಾಟಿ, ಕಟ್ಟಿಸಂಗಾವಿ ಹತ್ತಿರ ಭೀಮಾ ಸೇತುವೆ ದಾಟಿ, ಜೇವರ್ಗಿಯಿಂದ ಒಳಗೆ ಆರು ಕಿಲೋಮೀಟರ್. ಮುಖ್ಯ ರಸ್ತೆ ರಾಷ್ಟ್ರೀಯ ಹೆದ್ದಾರಿ 50, ಅದರ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಒಳಗಿನ ಆರು ಕಿಲೋಮೀಟರ್ ಬಗ್ಗೆ. ಇನ್ನು ತಿಂಗಳಿಗೆ ಒಂದೆರಡು ಸಲ ಶಹಾಬಾದ್, ವಾಡಿ ಮೇಲಿಂದ ಚಿತ್ತಾಪುರದ ಕಡೆ ಮಾವನವರ ಊರಿಗೆ. ಗಾಡಿ ಚಿಕ್ಕ ಹ್ಯಾಚ್‌ಬ್ಯಾಕ್. ಯಾವ ಕಂಪನಿ ಅಂತ ಬರೆಯುವುದಿಲ್ಲ, ಈ ಮಾತು ಎಲ್ಲ ಚಿಕ್ಕ ಗಾಡಿಗೂ ಅನ್ವಯಿಸುತ್ತದೆ. ಕೊಂಡಾಗ ಮುಂದಿನ ಫ್ಲಾಪ್ ಮಾತ್ರ ಹಾಕಿಸಿದ್ದೆ. ಹಿಂದಿನದು ಯಾಕೆ ಬೇಕು ಅಂತ ಆಗ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

2023ರ ಜುಲೈನಲ್ಲಿ, ಗಾಡಿ 31 ಸಾವಿರ ಕಿಲೋಮೀಟರ್ ಓಡಿದ್ದಾಗ, ಊರೊಳಗಿನ ಒಂದು ಆಕ್ಸೆಸರಿ ಅಂಗಡಿಗೆ ಹೋದೆ. ಹಿಂದಿನ ಗಾಜು, ನಂಬರ್ ಪ್ಲೇಟು ಎರಡೂ ಕೆಸರು. ಕೆಎ 32 ಅನ್ನುವಷ್ಟು ಕಾಣುತ್ತಿತ್ತು, ಮುಂದಿನದು ದೇವರಿಗೇ ಗೊತ್ತು. ಅಂಗಡಿಯವನು ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಜೋಡಿ ತೆಗೆದಿಟ್ಟ. "ಯೂನಿವರ್ಸಲ್ ಅದ ಸರ್, ಎಲ್ಲಾ ಗಾಡಿಗೂ ಕೂಡ್ತದ." ಜೋಡಿಗೆ 350, ಹಚ್ಚುವ ಕೂಲಿ 100. ಹುಡುಗ ಬಂದ, ಡ್ರಿಲ್ ಹಿಡಿದ, ಗಾಲಿಯ ಮೇಲಿನ ತಗಡಿನ ಅಂಚಿಗೆ ಗುರ್ ಅಂತ ಎರಡೆರಡು ತೂತು ಹೊಡೆದ, ಸ್ಕ್ರೂ ಬಿಗಿದ. ಹದಿನೈದು ನಿಮಿಷದಲ್ಲಿ ಕೆಲಸ ಮುಗಿಯಿತು. ನಾನು ಪಕ್ಕದಲ್ಲಿ ನಿಂತು ಚಹಾ ಕುಡಿಯುತ್ತಿದ್ದೆ. ಈಗ ನೆನಸಿಕೊಂಡರೆ ಕಪ್ಪು ಕೆಳಗಿಟ್ಟು ಆ ಡ್ರಿಲ್ ಕಸಿದುಕೊಳ್ಳಬೇಕಿತ್ತು ಅನ್ನಿಸುತ್ತದೆ.

ಎಲ್ಲಾ ಗಾಡಿಗೂ ಕೂಡುವ ಫ್ಲಾಪ್ ಅಂದರೆ ಯಾವ ಗಾಡಿಗೂ ಸರಿಯಾಗಿ ಕೂಡದ ಫ್ಲಾಪ್. ಬಂಪರಿನ ಬಳುಕು ಒಂದು ಕಡೆ, ಫ್ಲಾಪಿನ ಬಳುಕು ಇನ್ನೊಂದು ಕಡೆ. ನಡುವೆ ಒಂದು ಬೆರಳಿನಷ್ಟು ಸಂದಿ. ಆ ಸಂದಿಯಲ್ಲಿ ಮೊದಲ ವಾರವೇ ಮಣ್ಣು ಸೇರಿತು.

ಹಾಗಂತ ಏನೂ ಉಪಯೋಗ ಆಗಲಿಲ್ಲ ಅಂತಲ್ಲ. ಮೊದಲು ಕಿವಿಗೆ ಗೊತ್ತಾಯಿತು. ರಸ್ತೆಗೆ ಹೊಸದಾಗಿ ಖಡಿ ಹಾಕಿದ ಕಡೆ ಹೋದರೆ ಮುಂಚೆ ಹಿಂದೆಲ್ಲೋ ಟಣ್ ಟಣ್ ಅಂತ ಬಡಿಯುತ್ತಿತ್ತು. ಈಗ ಟಪ್ ಟಪ್ ಅನ್ನತೊಡಗಿತು. ಬಂಪರಿನ ಕೆಳಗಿನ ಮೂಲೆಗಳಲ್ಲಿ ಕೆಸರಿನ ದಪ್ಪ ಪದರ ಕೂರುವುದು ನಿಂತಿತು. ಆದರೆ ಗಾಜು? ಶಾಲೆಯಿಂದ ಬಂದು ಇಳಿದು ನೋಡಿದರೆ ಅದೇ ಕಂದು ಪರದೆ. ಒಂದು ತಿಂಗಳು ಕಾದೆ. ಆಮೇಲೆ ಕಾಯುವುದನ್ನು ಬಿಟ್ಟೆ.

2024ರ ಬೇಸಿಗೆ ಬಂತು. ಕಲಬುರಗಿಯ ಮೇ ತಿಂಗಳ ಬಗ್ಗೆ ಈ ಕಡೆಯವರಿಗೆ ಹೇಳಬೇಕಿಲ್ಲ. 42, 43 ಡಿಗ್ರಿ ಬಿಸಿಲಿನಲ್ಲಿ ನೆರಳಿಲ್ಲದೆ ನಿಂತ ಗಾಡಿ. ಫ್ಲಾಪಿನ ಕೆಳ ಅಂಚು ಒಳಗೆ ಸುರುಳಿ ಸುತ್ತಿತು, ಕಟ್ಟಿಟ್ಟ ರೊಟ್ಟಿ ಒಣಗಿದ ಹಾಗೆ. ಕಪ್ಪು ಬಣ್ಣ ಹೋಗಿ ಬೂದಿ ಬಣ್ಣವಾಯಿತು. ಬೆರಳಿನಿಂದ ಬಗ್ಗಿಸಿದರೆ ಬಗ್ಗುತ್ತಿರಲಿಲ್ಲ. ಆಗಲೇ ತಿಳಿಯಬೇಕಿತ್ತು.

ಆಗಸ್ಟ್ ಕೊನೆಗೆ ಅಕ್ಕನ ಮನೆಗೆ ಹೋಗಿದ್ದೆ. ಗೇಟಿನ ಮುಂದೆ ಶಹಾಬಾದ್ ಪರ್ಸಿ (ಹಾಸುಗಲ್ಲು) ಹಾಸಿದ ಒಂದು ಮೆಟ್ಟಿಲು, ಎತ್ತರ ಐದು ಇಂಚು ಇದ್ದೀತು. ರಿವರ್ಸ್ ತೆಗೆಯುವಾಗ ಎಡಗಡೆಯ ಹಿಂದಿನ ಗಾಲಿ ಅದರ ಮೇಲೆ ಹತ್ತಿತು. ಫಟ್ ಅಂತ ಸಪ್ಪಳ. ಟೈರ್ ಹೋಯಿತು ಅಂತ ಗಾಬರಿಯಿಂದ ಇಳಿದೆ. ಟೈರಿಗೆ ಏನೂ ಆಗಿರಲಿಲ್ಲ. ಫ್ಲಾಪ್ ಎರಡು ತುಂಡಾಗಿ ಒಂದು ತುಂಡು ಕಲ್ಲಿನ ಮೇಲೆ ಬಿದ್ದಿತ್ತು, ಇನ್ನೊಂದು ಸ್ಕ್ರೂವಿಗೆ ನೇತಾಡುತ್ತಿತ್ತು. ಆದದ್ದು ಇಷ್ಟೇ. ಹಿಂದಿನ ಫ್ಲಾಪ್ ಇರುವುದು ಗಾಲಿಯ ಹಿಂದೆ. ಗಾಡಿ ಹಿಂದಕ್ಕೆ ಬಂದರೆ ಎತ್ತರದ ಕಲ್ಲಿಗೆ ಮೊದಲು ತಾಗುವುದು ಅದೇ. ಕಲ್ಲಿಗೂ ಟೈರಿಗೂ ನಡುವೆ ಅದರ ತುದಿ ಸಿಕ್ಕಿಬೀಳುತ್ತದೆ, ಟೈರು ಉರುಳುತ್ತಾ ಅದನ್ನು ಕೆಳಗೆ ಎಳೆಯುತ್ತದೆ. ಮೆತ್ತಗಿದ್ದರೆ ಬಗ್ಗಿ ಜಾರಿ ಹೊರಬರುತ್ತದೆ. ಗಟ್ಟಿಯಾಗಿದ್ದರೆ ಮುರಿಯುತ್ತದೆ. ನನ್ನದಂತೂ ನೆಲದಿಂದ ನಾಲ್ಕು ಇಂಚೂ ಮೇಲಿರಲಿಲ್ಲ. ನಾಲ್ವರು ಕೂತರೆ ಮೂರೇ.

ಅದೇ ದಿನ ಇನ್ನೊಂದು ಕಣ್ಣಿಗೆ ಬಿತ್ತು. ಮುರಿದ ತುಂಡಿನ ಸ್ಕ್ರೂ ಬಿಚ್ಚಿದರೆ ತೂತಿನ ಸುತ್ತ ತುಕ್ಕು. ಕಾಸಿನಗಲ ಬಣ್ಣ ಉಬ್ಬಿಕೊಂಡು ನಿಂತಿತ್ತು. ಉಗುರು ತಾಗಿಸಿದರೆ ಪುಡಿ ಉದುರಿತು. ರಿಂಗ್ ರೋಡಿನ ನಮ್ಮ ಮೆಕ್ಯಾನಿಕ್ ಉಸ್ತಾದ್‌ಗೆ ತೋರಿಸಿದೆ. ನೋಡಿ ನಾಲಿಗೆ ಲೊಚಗುಟ್ಟಿದರು. "ತಗಡಿಗೆ ತೂತು ಹೊಡದ್ರ ಅದು ಗಾಯ ಇದ್ದಂಗ ಸರ್. ಹಂಗೇ ಬಿಟ್ಟಾರ. ಬಣ್ಣ ಇಲ್ಲ, ಏನಿಲ್ಲ. ನೀರು ಕುಡದಾದ." ಅಂಗಡಿಯ ಹುಡುಗ ತೂತು ಹೊಡೆದ ಮೇಲೆ ಒಂದು ಹನಿ ಬಣ್ಣ ಹಚ್ಚಿದ್ದರೆ ಇದು ಆಗುತ್ತಿರಲಿಲ್ಲ. ಹಚ್ಚು ಅಂತ ನಾನು ಹೇಳಿದ್ದರೂ ಆಗುತ್ತಿರಲಿಲ್ಲ.

ಇವತ್ತು ನಾಳೆ ಅಂತ ಹದಿನೈದು ದಿನ ಎಡಗಡೆ ಫ್ಲಾಪ್ ಇಲ್ಲದೆ, ಬಲಗಡೆ ಇಟ್ಟುಕೊಂಡು ಓಡಾಡಿದೆ. ಸೋಮಾರಿತನವೇ, ಇಲ್ಲ ಅನ್ನುವುದಿಲ್ಲ. ಆದರೆ ಈ ಹದಿನೈದು ದಿನದಲ್ಲಿ ಗೊತ್ತಾದಷ್ಟು ಒಂದು ವರ್ಷದಲ್ಲಿ ಗೊತ್ತಾಗಿರಲಿಲ್ಲ. ಒಂದೇ ಗಾಡಿ, ಒಂದೇ ರಸ್ತೆ, ಒಂದೇ ಮಳೆ. ಒಂದು ಕಡೆ ಫ್ಲಾಪ್ ಇದೆ, ಇನ್ನೊಂದು ಕಡೆ ಇಲ್ಲ. ದಿನಾ ಸಂಜೆ ಹಿಂದೆ ಹೋಗಿ ಕೂತು ನೋಡುತ್ತಿದ್ದೆ. ಎಡ ಮೂಲೆಯ ಬಂಪರಿನ ಮೇಲೆ ಅಡಿಯಿಂದ ಲೈಟಿನವರೆಗೆ ಕೆಸರಿನ ಚುಕ್ಕೆ, ದಪ್ಪ ದಪ್ಪ, ಗೋಡೆಗೆ ಸೆಗಣಿ ಬಡಿದ ಹಾಗೆ. ಬಲ ಮೂಲೆಯಲ್ಲಿ ಕೆಳಗೆ ನಾಲ್ಕು ಬೆರಳಗಲದ ತೆಳು ಗೆರೆ, ಅಷ್ಟೇ. ಆದರೆ ಗಾಜಿನ ಮೇಲೆ ಎಡ, ಬಲ ಅಂತ ಭೇದವೇ ಇಲ್ಲ. ಒಂದೇ ಸಮ ಹೊಲಸು.

ಕಾರಣ ಯೋಚಿಸಿದರೆ ಸುಲಭ. ಟೈರಿನಿಂದ ನೇರ ಹಾರುವ ಕೆಸರು ಭಾರ ಇರುತ್ತದೆ, ಅದನ್ನು ಫ್ಲಾಪ್ ಹಿಡಿಯುತ್ತದೆ. ಗಾಜಿನ ಮೇಲೆ ಕೂರುವುದು ಅದಲ್ಲ. ಹ್ಯಾಚ್‌ಬ್ಯಾಕಿನ ಹಿಂಬದಿ ಕತ್ತರಿಸಿದ ಹಾಗೆ ಚಪ್ಪಟೆ ಇರುವುದರಿಂದ ಗಾಡಿ ಓಡುವಾಗ ಅಲ್ಲಿ ಗಾಳಿ ಸುಳಿ ಸುತ್ತುತ್ತದೆ. ಆ ಸುಳಿ ನೆಲದ ಸಣ್ಣ ಹನಿಯನ್ನೂ ಧೂಳನ್ನೂ ಎತ್ತಿ ತಂದು ಗಾಜಿಗೆ ಮೆತ್ತುತ್ತದೆ. ಹಳ್ಳಿ ರಸ್ತೆಯಲ್ಲಿ ಬಸ್ಸು ಹೋದ ಮೇಲೆ ಧೂಳು ಅದರ ಬೆನ್ನಿಗೇ ಅಂಟಿಕೊಂಡು ಮೇಲೇಳುವುದನ್ನು ನೋಡಿರುತ್ತೀರಿ ಅಲ್ವಾ? ಅದೇ ಇದು. ಅದಕ್ಕೆ ಎರಡು ರಬ್ಬರ್ ತುಂಡು ಏನು ಮಾಡಲು ಸಾಧ್ಯ.

ಹಾಗಾದರೆ ಫ್ಲಾಪ್ ಹಿಡಿಯುವ ಆ ದಪ್ಪ ಕೆಸರು, ಫ್ಲಾಪ್ ಇಲ್ಲದಿದ್ದರೆ ಎಲ್ಲಿಗೆ ಹೋಗುತ್ತದೆ? ಸ್ವಲ್ಪ ಬಂಪರಿಗೆ. ಉಳಿದದ್ದು ಎಲ್ಲಿಗೆ ಅಂತ ಸೆಪ್ಟೆಂಬರಿನ ಒಂದು ಬೆಳಿಗ್ಗೆ ಫರಹತಾಬಾದ್‌ನಲ್ಲಿ ಗೊತ್ತಾಯಿತು. ಚಹಾಕ್ಕೆ ನಿಲ್ಲಿಸಿದ್ದೆವು. ಹಿಂದೆಯೇ ಒಂದು ಬೈಕ್ ಬಂದು ನಿಂತಿತು. ಮಗ ಓಡಿಸುತ್ತಿದ್ದ, ತಂದೆ ಹಿಂದೆ ಕೂತಿದ್ದರು. ಬಿಳಿ ಧೋತರ, ಬಿಳಿ ನೆಹರೂ ಅಂಗಿ, ತಲೆಗೆ ಬಿಳಿ ಟೋಪಿ. ಅಂಗಿಯ ಒಂದು ತೋಳು ಪೂರ್ತಿ ಕೆಸರು. ಮುದುಕರು ಸಿಟ್ಟಾಗಲಿಲ್ಲ. ಹೆಗಲ ಮೇಲಿನ ಟವೆಲ್‌ನಿಂದ ಮುಖ ಒರೆಸಿಕೊಂಡು ನನ್ನ ಗಾಡಿಯ ಹಿಂದೆ ಹೋಗಿ ಬಗ್ಗಿ ನೋಡಿದರು.

"ಬಲಗಡಿ ಅದ, ಎಡಗಡಿ ಇಲ್ಲ. ನಾವು ಎಡಗಡಿ ಹೊಂಟಿದ್ವಿ ನೋಡ್ರಿ. ನಮ್ಮ ನಸೀಬ."

ಮಗ ನಕ್ಕ. ನನಗೆ ನಗಲಾಗಲಿಲ್ಲ. ಬಾಟಲಿ ನೀರು ಕೊಟ್ಟೆ, ಚಹಾ ಹೇಳಿದೆ. "ಚಹಾ ಬ್ಯಾಡ್ರಿ ಸರ್, ಒಂದು ರಬ್ಬರ್ ತುಕುಡಿ ಹಚ್ಚಸ್ರಿ," ಅಂದರು. ಚಹಾ ಮಾತ್ರ ಕುಡಿದೇ ಹೋದರು.

ಬೈಕಿನವರು ಸಾಮಾನ್ಯವಾಗಿ ರಸ್ತೆಯ ಎಡಕ್ಕೇ ಇರುತ್ತಾರೆ, ನಮ್ಮ ಎಡಗಡೆಯ ಹಿಂದಿನ ಗಾಲಿಗೆ ಸರಿಯಾಗಿ. ನಾನು ಒಂದು ವರ್ಷ ಗಾಜು ನೋಡಿಕೊಂಡು ಫ್ಲಾಪಿಗೆ ಮಾರ್ಕು ಹಾಕುತ್ತಿದ್ದೆ. ಹಿಂದಿನ ಫ್ಲಾಪ್ ನಮಗಾಗಿ ಅಲ್ಲವೇ ಅಲ್ಲ, ಹಿಂದೆ ಬರುವವರಿಗೆ. ಮುಂದಿನದು ನಮ್ಮ ಬಾಗಿಲು, ಫುಟ್‌ಬೋರ್ಡ್ ಕಾಯುತ್ತದೆ, ಅದಕ್ಕೇ ಎಲ್ಲರೂ ಅದನ್ನು ಮೊದಲು ಹಾಕಿಸುತ್ತಾರೆ.

ಆ ಭಾನುವಾರವೇ ಎರಡನೇ ಸೆಟ್. ಈ ಸಲ ನಮ್ಮ ಗಾಡಿಯ ಮಾಡೆಲ್‌ಗೇ ಅಂತ ಮಾಡಿದ, ಹೆಬ್ಬೆರಳಿನಿಂದ ಒತ್ತಿದರೆ ಬಗ್ಗಿ ಮತ್ತೆ ನೆಟ್ಟಗಾಗುವ ಮೆತ್ತನೆ ಸೆಟ್ ತಂದೆ. 780 ರೂಪಾಯಿ. ಹಿಂದಿನ ಜೋಡಿ ಬೇರೆ ಕೊಡುವುದಿಲ್ಲ, ನಾಲ್ಕೂ ತಗೋಬೇಕು ಅಂದರು. ಮುಂದಿನ ಎರಡು ಇವತ್ತಿಗೂ ಅಟ್ಟದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿವೆ. ಇದೊಂದು ನನಗೆ ಇನ್ನೂ ಬೇಜಾರು.

ಹಚ್ಚಿಸಲು ಅಂಗಡಿಗೆ ಹೋಗಲಿಲ್ಲ. ಅಕ್ಕನ ಮಗ ಐಟಿಐ ಓದುತ್ತಾನೆ, ಅವನನ್ನು ಕರೆದೆ. ಬೇಕಾದದ್ದು ಜ್ಯಾಕ್, ಹತ್ತು ನಂಬರ್ ಪಾನಾ, ಒಂದು ಗಿಡ್ಡ ಸ್ಕ್ರೂಡ್ರೈವರ್. ಉದ್ದದ್ದು ಗಾಲಿಗೂ ಬಂಪರಿಗೂ ನಡುವೆ ಹಿಡಿಸುವುದಿಲ್ಲ. ಸಮ ನೆಲದ ಮೇಲೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಮುಂದಿನ ಗಾಲಿಗೆ ಕಲ್ಲು ಕೊಟ್ಟು ಜ್ಯಾಕ್ ಎತ್ತಿದೆವು. ಗಾಲಿ ಬಿಚ್ಚಲಿಲ್ಲ. ಗಾಡಿ ಎತ್ತಿದರೆ ಗಾಲಿ ಕೆಳಗೆ ಜೋತುಬೀಳುತ್ತದೆ, ಕೈ ಹೋಗುವಷ್ಟು ಜಾಗ ಸಿಗುತ್ತದೆ. ಗಾಡಿಯ ಅಡಿಗೆ ಮಾತ್ರ ತೂರಲಿಲ್ಲ, ನೀವೂ ತೂರಬೇಡಿ. ಜ್ಯಾಕ್ ನಂಬಿ ಗಾಡಿ ಕೆಳಗೆ ಹೋಗುವ ಕೆಲಸ ಇದಲ್ಲ.

ಹಳೆಯ ಸ್ಕ್ರೂ ಬಿಚ್ಚುವುದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ತಲೆಯೆಲ್ಲ ತುಕ್ಕು ತಿಂದು ಡ್ರೈವರ್ ನಿಲ್ಲುತ್ತಿರಲಿಲ್ಲ. ಆಮೇಲೆ ತೂತುಗಳ ಸುತ್ತ ಮರಳುಕಾಗದ ಉಜ್ಜಿ ತುಕ್ಕು ತೆಗೆದು, ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಟಚ್‌ಅಪ್ ಬಣ್ಣ, ಅದರ ಮೇಲೆ ಸಿಲಿಕೋನ್ ತುಂಬಿದೆವು. ಹೊಸ ಸೆಟ್‌ಗೆ ತಗಡಿನಲ್ಲಿ ತೂತೇ ಬೇಡ. ತಗಡಿನ ಅಂಚಿಗೆ ಸಿಕ್ಕಿಸುವ ಸ್ಪ್ರಿಂಗ್ ಕ್ಲಿಪ್ ಜೊತೆಗೇ ಬಂದಿತ್ತು, ಸ್ಕ್ರೂ ಅದರೊಳಗೆ ಕೂರುತ್ತದೆ. ಕೆಳಗೆ ಬಂಪರಿಗೆ ಒಂದು ಸ್ಕ್ರೂ. ಬಂಪರ್ ಪ್ಲಾಸ್ಟಿಕ್, ತುಕ್ಕಿನ ಭಯ ಇಲ್ಲ. ಒಂದು ಕ್ಲಿಪ್ ಹುಡುಗನ ಕೈಜಾರಿ ಬಂಪರಿನ ಒಳಗೆ ಬಿತ್ತು. "ಮಾಮಾ, ಬಿತ್ತು," ಅಂದ. ತೆಗೆಯಲು ಆಗಲಿಲ್ಲ. ಚೀಲದಲ್ಲಿ ಮುಂದಿನ ಜೋಡಿಯ ಕ್ಲಿಪ್ ಇತ್ತು, ಅದನ್ನು ಹಾಕಿದೆವು.

ಒಂದು ಕೆಲಸ ಮಾತ್ರ ಬುದ್ಧಿವಂತಿಕೆಯಿಂದ ಮಾಡಿದೆವು ಅನ್ನಿಸುತ್ತದೆ. ಸ್ಕ್ರೂ ಪೂರ್ತಿ ಬಿಗಿಯುವ ಮುಂಚೆ ಗಾಡಿ ಕೆಳಗಿಳಿಸಿ, ಹಿಂದಿನ ಸೀಟಿನಲ್ಲಿ ಅಕ್ಕ, ಭಾವ, ಪಕ್ಕದ ಮನೆಯವರನ್ನು ಕೂರಿಸಿದೆವು. ಡಿಕ್ಕಿಯಲ್ಲಿ ಐವತ್ತು ಕೆಜಿ ಜೋಳದ ಚೀಲ. ಖಾಲಿ ಗಾಡಿಯಲ್ಲಿ ಎಲ್ಲ ಫ್ಲಾಪೂ ಚೆಂದ ಕಾಣುತ್ತದೆ, ಗಾಡಿ ಕುಗ್ಗಿದ ಮೇಲೆ ಅದರ ಬಣ್ಣ ಬಯಲಾಗುತ್ತದೆ. ಆಗ ನೋಡಿದರೆ ಟೈರಿಗೂ ಫ್ಲಾಪಿಗೂ ನಡುವೆ ಮೂರು ಬೆರಳು, ನೆಲಕ್ಕೂ ಫ್ಲಾಪಿಗೂ ಐದು ಇಂಚು. ಕೆಳಗೆ ಇನ್ನೊಂದು ಇಂಚು ಕತ್ತರಿಸಿದೆ. ಅಕ್ಕನ ಪರ್ಸಿ ಕಲ್ಲು ನೆನಪಿತ್ತು.

ಆ ಮೂರು ಬೆರಳೂ ಸಾಲಲಿಲ್ಲ ಅಂತ ಗೊತ್ತಾದದ್ದು 2025ರ ಆಗಸ್ಟ್‌ನಲ್ಲಿ, ಮಾವನವರ ಹೊಲದಲ್ಲಿ. ತೊಗರಿ ಮೊಳಕಾಲುದ್ದ ಬಂದಿತ್ತು. ಹಿಂದಿನ ದಿನ ಮಳೆಯಾಗಿತ್ತು, ಬೆಳಿಗ್ಗೆ ಬಿಸಿಲು ಬಿದ್ದಿತ್ತು. ಎರೆ ಮಣ್ಣು ಗೊತ್ತಿರುವವರಿಗೆ ಇದಕ್ಕಿಂತ ಕೆಟ್ಟ ಹೊತ್ತಿಲ್ಲ ಅಂತ ಗೊತ್ತು. ನೀರು ನಿಂತಿದ್ದರೆ ಜಾರುತ್ತದೆ, ಪೂರ್ತಿ ಒಣಗಿದರೆ ಕಲ್ಲು. ಅರೆ ಒಣಗಿದಾಗ ಅದು ಅಂಟು. ಚಪ್ಪಲಿ ಹಾಕಿ ಹತ್ತು ಹೆಜ್ಜೆ ಹೋದರೆ ಹನ್ನೊಂದನೆಯದಕ್ಕೆ ಕಾಲಿಗೆ ಎರಡು ಕೆಜಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಸಿಕ್ಕಿತು. ಆ ತೊಗರಿ ಬೆಳೆಯುವ ಮಣ್ಣಿನ ಗುಣ ಅರಿಯಬೇಕಾದರೆ ಆಗಸ್ಟ್‌ನಲ್ಲಿ ಚಿಕ್ಕ ಕಾರು ತಂದು ನೋಡಬೇಕು.

ಬದುವಿನ ದಾರಿಯಲ್ಲಿ ಇನ್ನೂರು ಮೀಟರ್ ಹೋಗಿರಲಿಲ್ಲ, ಗಾಡಿ ಭಾರ ಎಳೆದ ಹಾಗಾಯಿತು. ಹಿಂದಿನಿಂದ ರಬ್ಬರ್ ಉಜ್ಜಿದ ವಾಸನೆ. ಇಳಿದು ನೋಡಿದರೆ ಟೈರಿನ ಹಿಂದೆ, ಫ್ಲಾಪಿಗೆ ಒತ್ತಿಕೊಂಡು ಮಣ್ಣಿನ ಹೆಂಟೆ. ಮೂರು ಬೆರಳಿನ ಸಂದಿಯೆಲ್ಲ ಗಚ್ಚು ಮೆತ್ತಿದ ಹಾಗೆ ತುಂಬಿತ್ತು, ಟೈರು ಅದನ್ನೇ ಉಜ್ಜುತ್ತಾ ತಿರುಗುತ್ತಿತ್ತು. ಹೆಂಟೆಯ ಮೇಲೆ ಟೈರಿನ ಗೀರುಗಳ ಅಚ್ಚು ಬಿದ್ದು ಹೊಳೆಯುತ್ತಿತ್ತು. ಮಾವ ಕಳೆ ತೆಗೆಯುವ ಖುರ್ಪಿ ಹಿಡಿದು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

"ಮಾಸ್ತರ, ಬಂಡಿ ಗಾಲಿಗಿ ಯಾಕ ಏನೂ ಹಚ್ಚಿಲ್ಲ ಹೇಳ್ರಿ ನೋಡಮು?"

"ಯಾಕ್ರಿ ಮಾವ?"

"ಹಚ್ಚಿದ್ರ ಮಣ್ಣು ಉದುರಬೇಕು ಎಲ್ಲಿ?"

ಖುರ್ಪಿಯಿಂದ ಕೆರೆದು ತೆಗೆದಾಗ ಒಂದು ವಿಷಯ ಕಂಡಿತು. ಫ್ಲಾಪಿಗೆ ಅಂಟಿದ ಹೆಂಟೆಯನ್ನು ಅಡ್ಡ ಸೀಳಿದರೆ ಒಳಗೆ ಪದರ ಪದರ. ಕಪ್ಪು, ನಡುವೆ ಬಿಳಿ ಗೆರೆ, ಮತ್ತೆ ಕಪ್ಪು. ಬಿಳಿಯದು ಶಹಾಬಾದ್ ಕಡೆಯ ರಸ್ತೆಯದು, ಪರ್ಸಿ ಕಲ್ಲಿನ ಪುಡಿ ಮಳೆ ನೀರಿಗೆ ಕಲೆಸಿ ಹರಿದದ್ದು. ಅಂದರೆ ಹಳೆಯ ಮಣ್ಣನ್ನು ನಾನು ತಿಂಗಳಿನಿಂದ ತೆಗೆದೇ ಇರಲಿಲ್ಲ. ವಾಶಿಂಗ್‌ಗೆ ಕೊಟ್ಟರೆ ಅವರು ಫ್ಲಾಪಿನ ಹೊರಮೈಗೆ ನೀರು ಬಿಟ್ಟು ಹೊಳೆಸುತ್ತಾರೆ, ಒಳಮೈ ಯಾರೂ ನೋಡುವುದಿಲ್ಲ. ಆ ಹಳೆ ಪದರದ ಮೇಲೆ ಹೊಸದು ಬೇಗ ಹಿಡಿಯುತ್ತದೆ. ಅಂದಿನಿಂದ ಮಾವನ ಹಳೆ ಖುರ್ಪಿ ಡಿಕ್ಕಿಯಲ್ಲೇ ಇದೆ. ಮಳೆಗಾಲದಲ್ಲಿ ಭಾನುವಾರ ಬೆಳಿಗ್ಗೆ ಎರಡೂ ಕಡೆ ಕೈಹಾಕಿ ಕೆರೆಯುತ್ತೇನೆ. ಹೊಲಕ್ಕೆ ಹೋಗಬೇಕಾದರೆ ಗಾಡಿ ಡಾಂಬರ್ ರಸ್ತೆಯಲ್ಲೇ ಬಿಟ್ಟು ನಡೆಯುತ್ತೇನೆ. ದಿನಾ ಎರೆ ಹೊಲದ ದಾರಿಯಲ್ಲೇ ಓಡಾಡುವವರಿದ್ದರೆ ನನ್ನ ಸಲಹೆ ಬೇರೆ. ಮಳೆಗಾಲದಲ್ಲಿ ಫ್ಲಾಪ್ ಬಿಚ್ಚಿಡಿ, ಅಥವಾ ಹಾಕಿಸಲೇಬೇಡಿ. ಹೆದ್ದಾರಿಯಲ್ಲಿ ಓಡುವವರು ಮಾತ್ರ ಬಿಚ್ಚಬೇಡಿ.

ಇನ್ನುಳಿದದ್ದು ಬೇಗ ಹೇಳುತ್ತೇನೆ. ಮೈಲೇಜ್ ಕಮ್ಮಿಯಾಗಿಲ್ಲ, ನಾನು ಪೆಟ್ರೋಲ್ ಲೆಕ್ಕ ಬರೆದಿಡುವವನು. ತೊಂಬತ್ತರ ಮೇಲೆ ಹೋದರೆ ಮೆತ್ತನೆ ಫ್ಲಾಪ್ ಸ್ವಲ್ಪ ಪಟಪಟ ಅನ್ನುತ್ತದೆ, ಕಿಟಕಿ ಮುಚ್ಚಿದರೆ ಕೇಳುವುದಿಲ್ಲ. 2025ರ ಬೇಸಿಗೆಯಲ್ಲಿ ಸುರುಳಿ ಸುತ್ತಲಿಲ್ಲ. ಅಕ್ಕನ ಮನೆಯ ಮೆಟ್ಟಿಲಿನ ಮೇಲೆ ಎರಡು ಸಲ ಹತ್ತಿತು, ಬಗ್ಗಿ ಹೊರಬಂತು. ಸ್ಕ್ರೂ ಮಾತ್ರ ವರ್ಷಕ್ಕೊಮ್ಮೆ ಬದಲಿಸಿ. ಸೆಟ್ಟಿನ ಜೊತೆ ಬಂದವು ಒಂದೇ ಮಳೆಗಾಲಕ್ಕೆ ಕಂದಾದವು, ಹಾರ್ಡ್‌ವೇರ್ ಅಂಗಡಿಯ ಸ್ಟೀಲ್ ಸ್ಕ್ರೂ ಹಾಕಿದ ಮೇಲೆ ಸರಿಹೋಯಿತು. ಹಳೆ ತೂತುಗಳಲ್ಲಿ ಮತ್ತೆ ತುಕ್ಕು ಬಂದಿಲ್ಲ, ಮೊನ್ನೆಯೂ ಉಗುರು ತಾಗಿಸಿ ನೋಡಿದೆ.

ಗಾಡಿ ಈಗ 84 ಸಾವಿರ ದಾಟಿದೆ. ಬಲಗಡೆಯ ಫ್ಲಾಪಿನ ಮೇಲಿನ ಸ್ಕ್ರೂ ಹತ್ತಿರ ಒಂದು ಸಣ್ಣ ಸೀಳು ಕಾಣುತ್ತಿದೆ. ಹೊಲದ ಹೆಂಟೆಯ ಭಾರಕ್ಕೆ ಆದದ್ದೇ ಇರಬೇಕು. ದೊಡ್ಡ ವಾಷರ್ ಹಾಕಿ ಬಿಗಿದಿದ್ದೇನೆ, ಈ ಮಳೆಗಾಲ ತಡೆಯುತ್ತದೆ. ಬಂಪರಿನೊಳಗೆ ಬಿದ್ದ ಕ್ಲಿಪ್ ಇನ್ನೂ ಅಲ್ಲೇ ಇದೆ. ಜೇವರ್ಗಿಯ ಸ್ಪೀಡ್ ಬ್ರೇಕರ್ ಬಂದಾಗ ಕಿಣ್ ಅನ್ನುತ್ತದೆ. ಹಿಂದಿನ ಸೀಟಿನಲ್ಲಿ ನಿದ್ದೆ ಹೋದ ವಿಜ್ಞಾನದ ಮಾಸ್ತರ್ ಆ ಸಪ್ಪಳಕ್ಕೇ ಎದ್ದು ಕನ್ನಡಕ ಹುಡುಕಿಕೊಳ್ಳುತ್ತಾರೆ.